ಕಲ್ಮೆಟ್ ಫೋನ್ ಆಫ್ ಮಾಡಿಟ್ಟ ವಾರ

ಸಮುದ್ರದಾಚೆಯ ಬಂಡಬರ್ಗಿನ ಟೊಮೆಟೊ ತೋಟಕ್ಕೆ ಆ ವರ್ಷ ಹಂಗಾಮಿನ ಕೂಲಿಗೆ ನಮ್ಮ ಟೊಂಗೋವಾ ದ್ವೀಪದಿಂದ ಬಂದವರು ನಾನು ಮತ್ತು ನನ್ನ ಚಿಕ್ಕಪ್ಪನ ಮಗ ಕಲ್ಮೆಟ್. ಅವನ ಹೆಂಡತಿ ಲೈಮಾರಾ ಬಸುರಿ. ಹೆರಿಗೆ ಹೊತ್ತಿಗೆ ವಾಪಸಾಗಬಹುದು ಅಂದುಕೊಂಡೇ ಅವನು ವಿಮಾನ ಹತ್ತಿದ್ದ.

ಬಂದ ಹೊಸದರಲ್ಲೇ ಅವನ ಫೋನಿಗೊಂದು ಮೆಸೇಜು ಬಂತು: ಬಹುಮಾನ ಬೇಕಿದ್ದರೆ 'ಯೆಸ್' ಎಂದು ಕಳಿಸಿ. ಕಳಿಸಿದ. ಬಹುಮಾನ ಬರಲಿಲ್ಲ. ದಿನವಿಡೀ ಜೋಕು, ಭವಿಷ್ಯ, ಹಾಡಿನ ತುಣುಕು ಬರತೊಡಗಿದವು. ಬಂದ ಒಂದೊಂದೂ ಕರೆನ್ಸಿ ನುಂಗುತ್ತಿತ್ತು. ಬೆಳಿಗ್ಗೆ ಹಾಕಿಸಿದ್ದು ಸಂಜೆ ಲೈಮಾರಾಗೆ ಫೋನ್ ಮಾಡಲು ಉಳಿಯುತ್ತಿರಲಿಲ್ಲ.

"ಬೇಡ ಅಂತ ಒಂದು ಉತ್ತರ ಕಳ್ಸೋ ಮಾರಾಯ," ಅಂದೆ.

"ಒಂದು ಉತ್ತರ ಕಳ್ಸಿದ್ದಕ್ಕೇ ಇಷ್ಟಾಗಿದೆ. ಇನ್ನೊಂದು ಕಳ್ಸಿ ತಲೆ ಮೇಲೆ ಕಲ್ಲು ಹಾಕ್ಕೊಳ್ಳಾ? ಫೋನ್ ಆಫ್ ಮಾಡಿಡ್ತೀನಿ. ಭಾನುವಾರ ಚರ್ಚಿಂದ ಬಂದು ಆನ್ ಮಾಡಿದ್ರಾಯ್ತು."

"ಬಾಗಿಲು ಹಾಕ್ಕೊಂಡ್ರೆ ಕಳ್ಳ ವಾಪಸ್ ಹೋಗ್ತಾನಾ? ಅಂಗಳದಲ್ಲೇ ಕಾಯ್ತಾನೆ."

ಅವನು ಕೇಳಲಿಲ್ಲ. ಫೋನನ್ನು ಸಾಕ್ಸಿನೊಳಗೆ ತುರುಕಿ ಹಾಸಿಗೆಯಡಿ ಇಟ್ಟ.

ಗುರುವಾರ ನಾವು ಟೊಮೆಟೊ ಸಾಲಿನ ಬದಿ ಕೂತು ಅನ್ನ, ಡಬ್ಬಿ ಮೀನು ತಿನ್ನುತ್ತಿದ್ದೆವು. ನನ್ನ ಹೆಂಡತಿ ಊರಿಂದ ಫೋನ್ ಮಾಡಿದಳು. "ಕಲ್ಮೆಟ್ ಬದುಕಿದ್ದಾನೋ ಸತ್ತಿದ್ದಾನೋ? ಲೈಮಾರಾಗೆ ನೋವು ಬಂದು ವಿಮಾನದಲ್ಲಿ ವಿಲಾ ಪಟ್ಟಣದ ಆಸ್ಪತ್ರೆಗೆ ಕರ್ಕೊಂಡ್ಹೋದ್ರು. ಅವಳಣ್ಣ ಮೆಸೇಜ್ ಮೇಲೆ ಮೆಸೇಜ್ ಕಳ್ಸಿ ಸಾಕಾದ!"

ಅವಳ ದನಿ ಪಕ್ಕದಲ್ಲಿದ್ದ ಕಲ್ಮೆಟ್‌ಗೂ ಕೇಳಿಸಿ ಅವನು ತಟ್ಟೆ ಬಿಟ್ಟು ಎದ್ದ. ನನ್ನ ಫೋನಿಂದಲೇ ಭಾವನಿಗೆ ಮಾಡಿದ. ತಿಂಗಳು ತುಂಬದೆ ಹೆಣ್ಣು ಮಗು ಹುಟ್ಟಿತ್ತು, ಗಾಜಿನ ಪೆಟ್ಟಿಗೆಯಲ್ಲಿತ್ತು. ತಾಯಿ ಉಳಿದಿದ್ದಳು.

"ಅವಳಿಗೆ ಕೊಡು," ಎಂದ.

"ಮಾತಾಡಲ್ವಂತೆ," ಅಂದ ಭಾವ. "ಬೇಕಾದಾಗ ಇಲ್ಲದವನು ಈಗ್ಯಾಕೆ ಅಂತಾಳೆ."

ಮರುದಿನ ಪೇಟೆಯ ಫೋನ್ ಅಂಗಡಿಗೆ ಹೋದೆವು. ಡಿನೀಸ್ ಎಂಬ ಅಲ್ಲಿನ ಹೆಂಗಸು ಅವನ ಫೋನ್ ಆನ್ ಮಾಡಿದ್ದೇ ತಡ, ತಡೆದಿದ್ದ ಜೋಕುಗಳೆಲ್ಲ ಒಂದರ ಹಿಂದೊಂದು ಸುರಿದವು. ನಡುನಡುವೆ ಭಾವನ ಮೆಸೇಜುಗಳು. ಅವಳು ಆ ನಂಬರಿಗೆ 'ಸ್ಟಾಪ್' ಎಂದು ಕಳಿಸಿದಳು. ಆಮೇಲೆ ಕಂಪನಿಗೆ ಫೋನ್ ಹಚ್ಚಿ ಇಂಥ ಮೆಸೇಜುಗಳು ಇನ್ನು ಬರದಂತೆ ಪೂರ್ತಿ ಬಂದ್ ಮಾಡಿಸಿದಳು.

"ಇಷ್ಟೇನಾ?" ಎಂದ ಕಲ್ಮೆಟ್.

"ಇಷ್ಟೇ. ಕೇಳಿದ್ರೆ ಅವತ್ತೇ ಮಾಡ್ತಿದ್ದೆ."

ಅವನು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಅಲ್ಲಿಂದಾಚೆ ದಿನಾ ಸಂಜೆ ಫೋನ್ ಮಾಡಿದ. ದಿನಾ ಭಾವನೇ ಎತ್ತಿದ. ಮಗುವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದ ದಿನ ಲೈಮಾರಾ ಎತ್ತಿದಳು.

"ಉಂಡ್ಯಾ?" ಕೇಳಿದ. ಬೇರೇನೂ ಹೊಳೆಯಲಿಲ್ಲ.

"ಹೂಂ."

"ಮಗೂಗೆ ಏನ್ ಹೆಸರಿಡೋಣ ಅಂತ..."

"ಲೈಟಾವು ಅಂತ ಅಣ್ಣ ಇಟ್ಟಾಯ್ತು. ಉಳಿಯುತ್ತೋ ಇಲ್ವೋ ಅಂದಿದ್ರು ಡಾಕ್ಟ್ರು. ಹೆಸರಿಲ್ಲದೆ ಹೋಗಬಾರ್ದು ಅಂತ ಅವತ್ತೇ ಇಟ್ಟ."

ಕಲ್ಮೆಟ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಅವಳೂ ಫೋನ್ ಇಡಲಿಲ್ಲ.

"ಲೈಟಾವು," ಎಂದ ಕೊನೆಗೆ, ನಾಲಿಗೆಗೆ ಹೊಸ ಪದ ರೂಢಿಸುವವನಂತೆ.