ಕೂಸನ್ನು ಚಿವುಟುತ್ತಿದ್ದವರು ಯಾರು?

ಜುಂಜಮ್ಮನ ಮೊಮ್ಮಗಳಿಗೆ ಐದು ತಿಂಗಳು. ತಾಯಿ ಅನುಸೂಯಳ ಮಡಿಲಲ್ಲಿದ್ದರೆ ಕಾಲು ಕುಣಿಸಿಕೊಂಡು ನಗುತ್ತಿತ್ತು. ಅಜ್ಜಿ ಎತ್ತಿಕೊಂಡು ಹೋಗಿ ತನ್ನ ಪಕ್ಕದಲ್ಲಿ ಮಲಗಿಸಿದಳೆಂದರೆ ಸಾಕು, ಕಿಟಾರನೆ ಕಿರುಚುತ್ತಿತ್ತು. ಅದು ಹಸಿವಿನ ಅಳು ಅಲ್ಲ, ಹೊಟ್ಟೆನೋವಿನ ಅಳುವೂ ಅಲ್ಲ. ಕಣ್ಣಿಗೆ ಕಾಣದವರು ಯಾರೋ ಪಕ್ಕದಲ್ಲಿ ಕೂತು ಬಿಟ್ಟು ಬಿಟ್ಟು ಚಿವುಟಿದ ಹಾಗೆ, ಬೆಚ್ಚಿ ಬೆಚ್ಚಿ ಅಳುತ್ತಿತ್ತು. ಬೆನ್ನ ಮೇಲೆ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆಗಳು ಎದ್ದಿದ್ದವು.

ಯಲ್ಲದಕೆರೆಯ ಆಚೆಗಿನ ಸಣ್ಣ ಹಟ್ಟಿ ಅದು. ಮಾತು ಹರಡಲು ಎಷ್ಟು ಹೊತ್ತು? 'ಮುದುಕಿಗೆ ಏನೋ ಮೆಟ್ಟಿಕೊಂಡೈತೆ, ಕೂಸಿಗೆ ಅದು ಕಾಣ್ತೈತೆ' ಎಂದು ನಲ್ಲಿಯ ಹತ್ತಿರ ಹೆಂಗಸರು ಗುಸುಗುಸು ಶುರುಮಾಡಿದರು. ಜುಂಜಮ್ಮ ಸುಮ್ಮನೆ ಬಿಡುವ ಪೈಕಿ ಅಲ್ಲ, ಕೊಡದಷ್ಟು ಬಾಯಿ ಇರುವ ಹೆಂಗಸು. ಆದರೆ ಈ ಮಾತಿಗೆ ಮಾತ್ರ ಅವಳ ಬಾಯಿ ಕಟ್ಟಿತು. ಯಾಕೆಂದರೆ ಅವಳಿಗೂ ಹಾಗೇ ಆಗುತ್ತಿತ್ತು. ಮಟಮಟ ಮಧ್ಯಾಹ್ನ, ಗುಡ್ಡದ ಮೇಲಿನ ಗಾಳಿಯಂತ್ರಗಳು ಸುಂಯ್ ಸುಂಯ್ ಎನ್ನುವಾಗ, ಹೆಗಲಿಗೆ ಕಂಬಳಿ ಹಾಕಿಕೊಂಡು ಒಬ್ಬಳೇ ಕೂತಿದ್ದರೆ ಕುತ್ತಿಗೆಯ ಹಿಂದೆ ಯಾರೋ ಚುಚ್ಚುತ್ತಿದ್ದರು. ಕೈಯಾಡಿಸಿದರೆ ಏನೂ ಇಲ್ಲ. ತಿರುಗಿ ನೋಡಿದರೆ ಬರೀ ಗೋಡೆ.

ಇದೆಲ್ಲ ಶುರುವಾಗುವ ಮೊದಲು, ಕೂಸಿಗೆ ಕಾವಲಾಗಲಿ ಎಂದು ಅವಳು ಅಮಾವಾಸ್ಯೆಯ ದಿನ ಪಾಳುಬಿದ್ದ ಕುರಿ ರೊಪ್ಪದ ಹತ್ತಿರ ಹೋಗಿದ್ದಳು. ಅಲ್ಲಿ ಆಳೆತ್ತರದ ಪಾಪಾಸುಕಳ್ಳಿ ಮೆಳೆ ಇದೆ. ಅಂಗೈಯಗಲದ ಒಂದು ಎಲೆ ಕಡಿದು ತಂದು, ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ಕಟ್ಟಿದಳು. ಕೂಸಿನ ಅಳು ಶುರುವಾಗಿದ್ದೇ ಆ ಸಂಜೆ. ದೃಷ್ಟಿ ಜೋರಾಗಿದೆ ಎಂದುಕೊಂಡು ಇನ್ನೊಂದು ಎಲೆ ತಂದಳು. ಅಳು ಹೆಚ್ಚಿತು. ಮೂರನೆಯದನ್ನು ತಂದು ತೊಟ್ಟಿಲ ಹಗ್ಗಕ್ಕೇ ಬಿಗಿದಳು. ಪಾಪ, ಪ್ರೀತಿಗೆ ಅವಳಲ್ಲಿ ಕೊರತೆ ಇರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಕೂಸಿನ ಎಡಗಣ್ಣು ಕೆಂಡದಂತೆ ಕೆಂಪಾಗಿತ್ತು. ರೆಪ್ಪೆ ತೆರೆಯಲಾಗದೆ ನೀರು ಸುರಿಯುತ್ತಿತ್ತು. ಹಟ್ಟಿಯಲ್ಲಿ ಮಕ್ಕಳಿಗೆ ಬರೆ ಹಾಕುವ ಗೊಲ್ಲಪ್ಪ ಬಂದು ನೋಡಿದವನೇ ದನಿ ತಗ್ಗಿಸಿದ.

"ಬೆನ್ನಾಗೆ ಇದ್ದದ್ದು ಕಣ್ಣಿಗೆ ಹತ್ತೈತೆ ಕಣಮ್ಮ. ಹಿಂಗೇ ಬಿಟ್ರೆ ಕಣ್ಣು ತಗಂಡು ಹೋಗ್ತೈತೆ. ಕಪಾಲದ ಮೇಲೆ ಒಂದು ಬರೆ ಎಳೀಬೇಕು."

"ಇಷ್ಟು ಎಳೇ ಕೂಸಿಗಾ?" ಅನುಸೂಯ ಮಗುವನ್ನು ಅವುಚಿಕೊಂಡಳು.

"ಸುಮ್ನಿರೇ. ಕಣ್ಣು ಬೇಕೋ ಬ್ಯಾಡ್ವೋ ನಿನಗೆ?" ಎಂದಳು ಜುಂಜಮ್ಮ. ಗೊಲ್ಲಪ್ಪ ಅಂಗಳದಲ್ಲಿ ಕೆಂಡ ಮಾಡಿ ಅರಿಶಿನದ ಕೊಂಬನ್ನು ಕಾಯಲು ಇಟ್ಟ.

ಅಷ್ಟರಲ್ಲಿ ಲಸಿಕೆಯ ದಿನ ನೆನಪಿಸಲು ಆಶಾ ಕಾರ್ಯಕರ್ತೆ ಶಾಹೀನ್ ಬಂದಳು. ಕೆಂಡ ನೋಡಿದಳು, ಕೂಸಿನ ಕಣ್ಣು ನೋಡಿದಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು.

"ನಿಲ್ರಿ ಗೊಲ್ಲಪ್ಪಾರೆ! ದೊಡ್ಡಮ್ಮ, ಒಂದೇ ಒಂದು ಗಳಿಗೆ ಕೊಡ್ರಿ ನನಗೆ. ಅನುಸೂಯ, ಕೂಸಿನ ಕೈ ಹಿಡ್ಕ, ಕಣ್ಣು ಉಜ್ಜಿಕೊಳ್ಳಾಕೆ ಬಿಡಬ್ಯಾಡ."

"ಕಾಣದೇ ಇರೋದನ್ನ ನೀನೇನು ನೋಡ್ತೀಯಮ್ಮ?" ಎಂದಳು ಜುಂಜಮ್ಮ.

ಶಾಹೀನ್ ಕೂಸನ್ನು ಬಿಸಿಲಿಗೆ ತರಿಸಿ ಬೆನ್ನು ಓರೆಯಾಗಿ ಹಿಡಿಸಿದಳು. ಎಳೆಬಿಸಿಲಿನಲ್ಲಿ ಬೆನ್ನ ತುಂಬ ಏನೋ ಮಿನುಗಿತು. ಕೂದಲಿಗಿಂತ ಸಣ್ಣ, ಹಳದಿ ಬಣ್ಣದ ಎಳೆಗಳು. ಒಂದೊಂದು ಚುಕ್ಕೆಯಲ್ಲೂ ಒಂದೊಂದು ನೆಟ್ಟಿತ್ತು. ಅನುಸೂಯ 'ಅಯ್ಯೋ ಶಿವನೇ' ಎಂದು ಬಾಯಿ ಮುಚ್ಚಿಕೊಂಡಳು.

ಶಾಹೀನ್ ಬಾಗಿಲ ಮೇಲಿನ ಕಳ್ಳಿಯತ್ತ ನೋಡಿದಳು. "ದೊಡ್ಡಮ್ಮ, ಇದನ್ನ ಹೆಂಗೆ ತಂದ್ರಿ?"

"ಹೆಂಗೆ ಅಂದ್ರೆ? ಕಂಬ್ಳೀಲಿ ಸುತ್ಕಂಡು ತಂದೆ. ಕೈಗೆ ಮುಳ್ಳು ಚುಚ್ಚಲ್ವಾ?"

"ಆ ಕಂಬ್ಳಿ ಒಗೆದ್ರಾ?"

ಜುಂಜಮ್ಮನಿಗೆ ನಗು ಬಂತು, ಕೋಪವೂ ಬಂತು. "ಕಂಬ್ಳಿ ಯಾರಾದ್ರೂ ಒಗೀತಾರಾ? ಕಂಬ್ಳಿಗೆ ಮೈಲಿಗೆ ಐತಾ? ಅದು ಹಾಸಿದ ಕಡೆ ಗಾಳಿ ಪೀಡೆ ಸುಳಿಯಲ್ಲ ಅಂತಾನೇ ಕೂಸನ್ನ ಅದರ ಮೇಲೆ ಮಲಗಿಸ್ತೀನಿ."

"ಮೈಲಿಗೆ ಇಲ್ಲ ಅನ್ರಿ, ನಾನು ಬ್ಯಾಡ ಅನ್ನಲ್ಲ. ಮುಳ್ಳಿಗೆ ಮಡಿ ಮೈಲಿಗೆ ಗೊತ್ತಾ? ಅಂಗೈ ಬ್ಯಾಡ, ಅದು ಒರಟಾಗೈತೆ. ಮೊಣಕೈ ಒಳಮಗ್ಗುಲು ಕಂಬ್ಳಿಗೆ ಒಂದ್ಸಲ ಒತ್ರಿ."

ಜುಂಜಮ್ಮ ಒತ್ತಿದಳು.

ಯಾರೋ ಚಿವುಟಿದರು. ಕುತ್ತಿಗೆಯ ಹಿಂದೆ ಚುಚ್ಚುತ್ತಿದ್ದ ಅದೇ ಚುಚ್ಚು. ಹಾಡಹಗಲು, ಎಲ್ಲರ ಕಣ್ಣೆದುರು, ಅವಳದೇ ಕಂಬಳಿಯೊಳಗಿಂದ. ಕೈ ಎತ್ತಿ ಬಿಸಿಲಿಗೆ ಹಿಡಿದರೆ ಚರ್ಮದ ತುಂಬ ಹಳದಿ ಎಳೆಗಳು ನಿಂತಿದ್ದವು. ಜುಂಜಮ್ಮ ಕಂಬಳಿಯನ್ನು ದೂರ ತಳ್ಳಿದಳು. ಇಷ್ಟು ದಿನ ಕೂಸನ್ನು ಚಿವುಟುತ್ತಿದ್ದವಳು ತಾನೇ. ಕಾಯುತ್ತೇನೆಂದು ದಿನಾ ಎತ್ತಿಕೊಂಡು ಹೋಗಿ, ಮುಳ್ಳಿನ ಮೇಲೆ ಮಲಗಿಸಿ, ಚುಕ್ಕು ತಟ್ಟುತ್ತಿದ್ದಳು.

"ಪಾಪಾಸುಕಳ್ಳಿಗೆ ಕಾಣೋ ಮುಳ್ಳು ಒಂದು, ಕಾಣದ ಮುಳ್ಳು ಇನ್ನೊಂದು," ಎಂದಳು ಶಾಹೀನ್. "ಆ ಸಣ್ಣವು ಬಟ್ಟೆ ಒಳಕ್ಕೂ ತೂರ್ತಾವೆ, ಗಾಳೀಲೂ ಹಾರ್ತಾವೆ. ತೊಟ್ಟಿಲ ಮೇಲೆ ಕಟ್ಟೀರಿ, ಕಣ್ಣಿಗೆ ಉದುರಿರಬೇಕು. ಮೊದಲು ಹಿರಿಯೂರು ಆಸ್ಪತ್ರೆಗೆ ಹೋಗಾಣ. ಕಣ್ಣಿಗೆ ಎಣ್ಣೆ, ಎದೆಹಾಲು, ಎಕ್ಕದ ಹಾಲು ಯಾವುದೂ ಬಿಡಬ್ಯಾಡ್ರಿ."

ಗೊಲ್ಲಪ್ಪ ಎದ್ದು ಹೋಗಿ ಕೆಂಡಕ್ಕೆ ತಾನೇ ನೀರು ಸುರಿದ. ಹಿರಿಯೂರಿನಲ್ಲಿ ಕಣ್ಣಿನ ಡಾಕ್ಟರು ಭೂತಗನ್ನಡಿಯಲ್ಲಿ ನೋಡಿ, ರೆಪ್ಪೆಯ ಒಳಗಿನಿಂದ ಎರಡು ಎಳೆ ತೆಗೆದರು. "ಕಣ್ಣುಗುಡ್ಡೆಗೆ ಇನ್ನೂ ನೆಟ್ಟಿಲ್ಲ. ಉಜ್ಜದೆ ಕರ್ಕೊಂಡು ಬಂದಿರಿ, ಕಣ್ಣು ಉಳೀತು," ಎಂದರು. ಆ ಮಾತು ಕೇಳಿ ಜುಂಜಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು.

ಊರಿಗೆ ಬಂದ ಮೇಲೆ ಶಾಹೀನ್ ಕೂಸಿನ ಬೆನ್ನಿನ ಎಳೆಗಳನ್ನು ಬಿಸಿಲಲ್ಲಿ ಚಿಮಟದಿಂದ ಒಂದೊಂದಾಗಿ ಕಿತ್ತಳು. ಉಳಿದ ಪುಡಿಗೆ ಗಮ್ ಟೇಪ್ ಮೆಲ್ಲಗೆ ಅಂಟಿಸಿ ಎತ್ತಿದಳು, ಆಮೇಲೆ ಸೋಪು ಹಚ್ಚಿ ತೊಳೆದಳು. ಕಳ್ಳಿಯನ್ನು ಇಕ್ಕಳದಲ್ಲಿ ಹಿಡಿದು ಇಳಿಸಿ, ಕಂಬಳಿಯ ಜೊತೆಗೇ ಗುಂಡಿಯಲ್ಲಿ ಹೂತರು. ಕೂಸಿನ ಬಟ್ಟೆಗಳನ್ನು ಬೇರೆಯಾಗಿ ಒಗೆದರು. ಇಷ್ಟಾದರೂ ಹದಿನೈದು ದಿನ ಮನೆಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಚುಚ್ಚುತ್ತಲೇ ಇತ್ತು. ಚಾಪೆಯಲ್ಲಿ, ಸೆರಗಿನ ಮಡಿಕೆಯಲ್ಲಿ. ಅಷ್ಟು ದಿನವೂ ಜುಂಜಮ್ಮ ಕೂಸಿನ ಹತ್ತಿರ ಸುಳಿಯಲಿಲ್ಲ. ದೂರದಲ್ಲಿ ಕೂತು ನೋಡುತ್ತಿದ್ದಳು.

ಹದಿನಾರನೆಯ ದಿನ ಅನುಸೂಯ ಅತ್ತೆಯನ್ನು ಬಿಸಿಲಿಗೆ ಕರೆದಳು. ಎರಡೂ ಕೈ ಹಿಡಿದು, ಉಗುರಿನ ಸಂದಿಯನ್ನೂ ಬಿಡದೆ ನೋಡಿದಳು. ಸೋಪು ಹಾಕಿ ತೊಳೆಸಿದಳು.

"ತಗಳ್ರಿ ಅತ್ತೆ," ಎಂದು ಕೂಸನ್ನು ಚಾಚಿದಳು.

"ಬ್ಯಾಡ ಕಣೇ. ಅತ್ತುಬಿಟ್ರೆ?"

"ತಗಳ್ರಿ ಅಂದ್ನಲ್ಲ."

ಕೂಸು ಅಜ್ಜಿಯ ಮಡಿಲಲ್ಲಿ ಮಲಗಿ, ಎರಡು ಕಣ್ಣನ್ನೂ ಪೂರ್ತಿ ತೆರೆದು ಅವಳ ಮೂಗುಬಟ್ಟನ್ನೇ ನೋಡಿತು. ಅಳಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ತಲೆಯೆತ್ತಿ ನಿಮ್ಮ ಮನೆಯ ಬಾಗಿಲ ಮೇಲೆ ಒಮ್ಮೆ ನೋಡಿ. ಅಲ್ಲಿ ಕಳ್ಳಿ ತೂಗುತ್ತಿದ್ದರೆ ಇವತ್ತೇ ಇಕ್ಕಳದಲ್ಲಿ ಹಿಡಿದು ಇಳಿಸಿ. ಬೇಲಿಗೋ ಹಣ್ಣಿಗೋ ಕಳ್ಳಿ ಮುಟ್ಟಲೇಬೇಕಾದರೆ ದಪ್ಪ ಚರ್ಮದ ಕೈಗವಸು, ತುಂಬು ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಇರಲಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಟವಲು, ಸೆರಗು, ಕಂಬಳಿಯಲ್ಲಿ ಅದನ್ನು ಸುತ್ತಬೇಡಿ. ಚುಚ್ಚಿದರೆ ಉಜ್ಜಬೇಡಿ, ಹಲ್ಲಿನಿಂದ ಕೀಳಬೇಡಿ. ಮುಳ್ಳು ಆಳಕ್ಕೆ ಹೋಗಿದ್ದರೆ, ಕೀಲಿಗೆ ನೆಟ್ಟಿದ್ದರೆ, ಊದಿಕೊಂಡು ಕೀವಾದರೆ ಆಸ್ಪತ್ರೆಗೆ ಹೋಗಿ, ಟಿ.ಟಿ. ಇಂಜೆಕ್ಷನ್ ಬೇಕೇ ಎಂದು ಕೇಳಿ. ಕಣ್ಣಿಗೆ ಬಿದ್ದರಂತೂ ಒಂದು ಗಳಿಗೆಯೂ ಕಾಯಬೇಡಿ.

ಮಾತು ಬಾರದ ಕೂಸು ಸುಮ್ಮಸುಮ್ಮನೆ ಬೆಚ್ಚಿ ಅಳುತ್ತಿದ್ದರೆ, ಬರೆಗೆ ಕೆಂಡ ಮಾಡುವ ಮೊದಲು ಅದರ ಮೈಯನ್ನು ಬಿಸಿಲಿಗೆ ಹಿಡಿದು ನೋಡಿ. ಚಿವುಟುತ್ತಿರುವುದು ಏನೆಂದು ಹೇಳಲು ಅದಕ್ಕೆ ಅಳುವೊಂದೇ ಇದೆ.