ಪ್ರಭುಲಿಂಗ ಬಳಸಿ ಹೋದ ಬಿಳಿ ನೆಲ

ಧರ್ಮಪುರದ ಬಯಲಲ್ಲಿ ಕುರಿ ಕಾಯುವಾಗ ನಾನೂ ಪ್ರಭುಲಿಂಗನೂ ಒಂದು ಮಾತು ಕೊಟ್ಟುಕೊಂಡಿದ್ದೆವು. ಸಮುದ್ರವನ್ನು ಮೊದಲ ಸಲ ನೋಡುವುದಾದರೆ ಇಬ್ಬರೂ ಒಟ್ಟಿಗೇ ನೋಡಬೇಕು. ಮೂವತ್ತು ವರ್ಷ ನಾನು ಆ ಮಾತು ಉಳಿಸಿಕೊಂಡೆ. ಮನೆಯವರೆಲ್ಲ ಕಾರವಾರಕ್ಕೆ ಹೋದಾಗಲೂ ಕುರಿಗಳ ನೆಪ ಹೇಳಿ ಹಿಂದುಳಿದೆ.

ಈ ಬೇಸಿಗೆಯಲ್ಲಿ ಕೊನೆಗೂ ಇಬ್ಬರೂ ಕುಮಟಾದ ಬಸ್ ಹತ್ತಿದೆವು. ಚಹಾದಂಗಡಿಯಲ್ಲಿ ಚೀಲ ಇಟ್ಟು, ಉಪ್ಪುನೀರಿನ ಜೌಗು ದಾಟಿ, ಮರಳ ದಂಡೆ ಹಿಡಿದು, ಒಂದು ಸುತ್ತು ಹಾಕಿ ಅದೇ ಅಂಗಡಿಗೆ ಬರುವುದೆಂದು ಹೊರಟೆವು.

ಜೌಗಿನ ನಡುವೆ ಬೆಳ್ಳಗಿನ ನೆಲ ಕಂಡಿತು. ನಮ್ಮ ಕಡೆ ಕುರಿಗಳು ನೆಕ್ಕುವ ಚೌಳು ನೆಲವೂ ಹೀಗೇ ಬೆಳ್ಳಗೆ, ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ. ಧೈರ್ಯವಾಗಿ ಕಾಲಿಟ್ಟೆ. ಮೊಣಕಾಲವರೆಗೂ ಹೂತುಹೋದೆ. ನನ್ನಂತೆಯೇ ಚೌಳಿನಲ್ಲಿ ಬೆಳೆದ ಪ್ರಭುಲಿಂಗ ಮಾತ್ರ ಅದನ್ನು ಬಳಸಿಕೊಂಡು ಆಚೆ ಹೋಗಿ ನಿಂತಿದ್ದ.

“ಬಿಳೇದೆಲ್ಲ ಮೇಲಷ್ಟೇ ಕಣ್ಲೇ, ಒಳಗೆ ಬರೀ ಕೆಸರೈತೆ,” ಎಂದು ನಕ್ಕ.

“ನಿಂಗೆ ಹೆಂಗೆ ಗೊತ್ತು?”

ನಗು ನಿಂತಿತು. “ಎರಡು ವರ್ಷದ ಹಿಂದೆ ಭಾವನ ಜೊತೆ ಬಂದಿದ್ದೆ. ನಾನೂ ಇಲ್ಲೇ ಹೂತ್ಕಂಡಿದ್ದೆ. ನಿಂಗೆ ಬೇಜಾರಾಗ್ತೈತೆ ಅಂತ ಹೇಳ್ಲಿಲ್ಲ.”

ಅವನು ಚಾಚಿದ ಕೈ ಹಿಡಿಯದೆ ನಾನೇ ಮೇಲೆ ಬಂದೆ. ಮರಳ ದಿಬ್ಬ ಹತ್ತುತ್ತಲೇ ಆ ಕಳ್ಳ ಕಣ್ಣರಳಿಸಿ ಕೂಗಿದ, “ಹಾಲಸ್ವಾಮಿ, ಎಷ್ಟು ದೊಡ್ಡದೈತೆ ನೋಡ್ಲೇ!” ಆಗ ತಾನೇ ಕಂಡವನ ಹಾಗೆ!

ದಂಡೆಯುದ್ದಕ್ಕೂ ನನ್ನ ಕೆಸರುಗಾಲುಗಳನ್ನೇ ನೋಡುತ್ತಾ ನಡೆದೆ. ಊರಲ್ಲಿ ಯಾರು ಕೇಳಿದರೂ ಹೇಳುತ್ತೇನೆ, ಸಮುದ್ರವನ್ನು ನಾನಿನ್ನೂ ನೋಡಿಲ್ಲ.