ತಗಡಿನ ಮೇಲಿನ ಅಕ್ಷರ

"ಯಾವ ಕಳ್ಳನ ಮಗ ಮಾಡ್ಯಾನೋ ಈ ಕೆಲ್ಸ!"

ಗಾಡಿಗಳ ತಗಡು, ಬಣ್ಣದ ಕೆಲಸ ಮಾಡುವ ಉಸ್ಮಾನ್‌ಸಾಬ್ ಬೆಳಗಿನಿಂದ ಹೀಗೆ ಬೈದದ್ದು ಇದು ನಾಲ್ಕನೆಯ ಸಲ. ನೀರಲ್ಲಿ ಅದ್ದಿದ ಉಪ್ಪುಕಾಗದದಿಂದ ಉಜ್ಜಿದಂತೆಲ್ಲ ಹಳೆಯ ಅಂಬಾಸಡರ್ ಕಾರು ತನ್ನ ಮೂರು ಬಣ್ಣ ಬಿಚ್ಚಿ ತೋರಿಸಿತ್ತು: ಮೇಲೆ ಬಿಳಿ, ಅದರಡಿ ನೀಲಿ, ನೀಲಿಯಡಿ ಕರಿ. ಎಡಬಾಗಿಲ ಕೆಳಗಂತೂ ತಗ್ಗು ಮುಚ್ಚುವ ಪುಟ್ಟಿಯನ್ನು ರೊಟ್ಟಿಯ ದಪ್ಪಕ್ಕೆ ಮೆತ್ತಿದ್ದರು. ತಗಡಿಗಿಂತ ಪುಟ್ಟಿಯೇ ಜಾಸ್ತಿ, ಮೂಗಿಗಿಂತ ಮೂಗುತಿ ಭಾರ ಅಂದಹಾಗೆ.

ಕಾರಿನ ಧಣಿ ಗದ್ದೆಪ್ಪ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಮೂರನೇ ಕೈಯಿಂದ ಕೊಂಡ ಈ ಗಾಡಿಯನ್ನು ಮಸ್ಕಿಯಿಂದ ಸಿಂಧನೂರಿಗೆ ಬಾಡಿಗೆ ಓಡಿಸಿ ಮನೆ ನಡೆಸುವವನು. ಸೋಮವಾರ ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಬೇಕು. ಅವರು ಒಲ್ಲೆ ಅಂದರೆ ಗಾಡಿ ರಸ್ತೆಗಿಳಿಯುವಂತಿಲ್ಲ. ಇವತ್ತು ಶನಿವಾರ.

"ಮ್ಯಾಲ ಮ್ಯಾಲ ತಿಕ್ಕಿ ಬಣ್ಣ ಹೊಡದುಬಿಡಣ್ಣ. ಒಳಗಿಂದು ಯಾರು ನೋಡ್ತಾರ?"

"ನಾ ನೋಡ್ತೀನಿ" ಎಂದು ಉಸ್ಮಾನ್‌ಸಾಬ್ ಉಳಿ ಇಟ್ಟು ಸುತ್ತಿಗೆಯಿಂದ ಬಡಿದ.

ಪುಟ್ಟಿ ಚಕ್ಕೆಯಾಗಿ ಕಳಚಿ ಬಿತ್ತು. ಒಳಗೆ ಮುದ್ದೆಯಾದ ಗೋಣಿತಟ್ಟು, ಅದನ್ನು ಎಳೆದರೆ ಅಂಗೈ ಅಗಲದ ತೂತು.

"ನೋಡಿಲ್ಲಿ, ತೂತಿಗೆ ತಟ್ಟು ತುರುಕ್ಯಾನ! ಇಂಥವನ ಕೈ ಕಡೀಬೇಕು."

"ಸಿಕ್ರ ನಾನೂ ಬಿಡಾಂಗಿಲ್ಲ" ಎಂದು ಗದ್ದೆಪ್ಪ ಎದ್ದು ಚಹಾ ತರಲು ಎದುರಿನ ಅಂಗಡಿಗೆ ಹೋದ.

ಉಸ್ಮಾನ್‌ಸಾಬ್ ಸೀಮೆಎಣ್ಣೆ ಬಟ್ಟೆಯಿಂದ ತೂತಿನ ಅಂಚು ಒರೆಸಿದ. ತಗಡಿನ ಮೇಲೆ ಮೊಳೆಯಿಂದ ಗೀರಿದ ಒಂದು ಅಕ್ಷರ ಎದ್ದು ಬಂತು. 'ಉ'. ಬಾಲ ಸೊಟ್ಟಗಿರುವ 'ಉ'. ಅವನ ಕೈ ಅಲ್ಲೇ ನಿಂತಿತು.

ಹದಿನೇಳು ವರ್ಷದ ಹಿಂದೆ ಅವನು ಸಿಂಧನೂರಿನಲ್ಲಿ ಪೀರ್‌ಸಾಬ್ ಉಸ್ತಾದರ ಕೈಕೆಳಗಿದ್ದ. ಪುಟ್ಟಿ, ಬಣ್ಣ ಏನೇ ಹಚ್ಚುವ ಮೊದಲು ಕೆಲಸಗಾರ ಬರಿ ತಗಡಿನ ಮೇಲೆ ತನ್ನ ಅಕ್ಷರ ಗೀರಬೇಕು. ಮುಂದೆ ಕೆಲಸ ಕೆಟ್ಟರೆ ಯಾರ ಕಿವಿ ಹಿಂಡಬೇಕೆಂದು ಗೊತ್ತಾಗಲಿ ಎಂಬುದು ಉಸ್ತಾದರ ಕಟ್ಟಳೆ. ಅವತ್ತು ಬಳಗಾನೂರಿನ ತವರಿನಲ್ಲಿ ಹೆಂಡತಿ ಮಾಸುಂಬಿ ಹೆತ್ತ ಸುದ್ದಿ ಬಂದಿತ್ತು. ಕೊನೆಯ ಬಸ್ಸು ತಪ್ಪಬಾರದೆಂದು ಈ ತೂತಿಗೆ ಬೆಸುಗೆ ಹಾಕದೆ ಗೋಣಿತಟ್ಟು ತುರುಕಿ, ಪುಟ್ಟಿ ಬಳಿದು ಓಡಿದ್ದ. ಮರುದಿನ ಉಸ್ತಾದರು ಆ ನುಣುಪಿನ ಮೇಲೆ ಕೈಯಾಡಿಸಿ ಶಾಬಾಸ್ ಎಂದು ಬೆನ್ನು ತಟ್ಟಿದ್ದರು. ಬೈದಿದ್ದರೆ ಎಂದೋ ಮರೆತುಹೋಗುತ್ತಿತ್ತು. ಆ ಶಾಬಾಸ್ ಈಗ ಎದೆಯಲ್ಲಿ ಚುಚ್ಚಿತು.

ಉಪ್ಪುಕಾಗದ ಕೈಯಲ್ಲೇ ಇತ್ತು. ಎರಡು ಸಲ ಉಜ್ಜಿದರೆ ಅಕ್ಷರ ಮಾಯ. ಗದ್ದೆಪ್ಪ ಇನ್ನೂ ಅಂಗಡಿಯ ಮುಂದೆಯೇ ನಿಂತಿದ್ದ. ಉಸ್ಮಾನ್‌ಸಾಬ್ ಕಾಗದವನ್ನು ಬಕೆಟ್ಟಿಗೆ ಎಸೆದ.

"ಗದ್ದೆಪ್ಪ, ಬಾ ಇಲ್ಲಿ. ಮುಂಜಾನಿಂದ ಬೈದ್ನಲ್ಲ, ಆ ಕಳ್ಳ ಸಿಕ್ಕ."

"ಯಾರಣ್ಣ?"

ಅವನು ಅಕ್ಷರದ ಮೇಲೆ ಬೆರಳಿಟ್ಟ. "ನಾನ."

ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಗದ್ದೆಪ್ಪನ ಕೈಯಲ್ಲಿ ಚಹಾ ಆರಿತು.

"ಈಗೇನು ಮಾಡ್ತಿ?" ದನಿ ಗಡುಸಾಗಿತ್ತು.

"ಜಂಗು ತಿಂದದ್ದೆಲ್ಲ ಕೊಯ್ದು ಹೊಸಾ ತಗಡ ಬೆಸೀತೀನಿ. ಸೋಮವಾರ ಮುಂಜಾನಿ ಗಾಡಿ ನಿನ್ನ ಕೈಯಾಗ. ಅಲ್ಲೀತನ ನಾ ಮನಿಗೆ ಹೋಗಾಂಗಿಲ್ಲ."

ಹೇಳಿದಂತೆಯೇ ಹೋಗಲಿಲ್ಲ. ಅವತ್ತು ಬಳಗಾನೂರಲ್ಲಿ ಹುಟ್ಟಿದ್ದ ಮಗಳು ಜೈನಾಬೀಯೇ ಬುತ್ತಿ ತಂದಿಟ್ಟು ಹೋದಳು.

ಭಾನುವಾರ ಮಧ್ಯಾಹ್ನ ಹೊಸ ತಗಡು ಕೂತಿತು. ಕಣ್ಣು ಮುಚ್ಚಿ ಅಂಗೈ ಆಡಿಸಿದ. ಬೆಸುಗೆಯ ಗೆರೆ ಕೈಗೆ ಹತ್ತಲಿಲ್ಲ. ಮೊಳೆ ತಗೊಂಡು ನಿಧಾನವಾಗಿ, ದೊಡ್ಡದಾಗಿ 'ಉ' ಗೀರಿದ.

"ಉಸ್ತಾದ್ರು ಈಗಿಲ್ಲ. ಕೆಟ್ರ ಈ ಕಿವಿ ನೀನ ಹಿಂಡು, ಗದ್ದೆಪ್ಪ."

ಗದ್ದೆಪ್ಪ ನಗಲಿಲ್ಲ. ಬಾಗಿ, ಆ ಅಕ್ಷರದ ಮೇಲೆ ಸೊಟ್ಟ ಬಾಲದ ತುದಿಯವರೆಗೂ ಬೆರಳಾಡಿಸಿದ. ಆಮೇಲೆ ಕೆಂಪು ಪ್ರೈಮರ್ ಡಬ್ಬಿಯ ಮುಚ್ಚಳವನ್ನು ತಾನೇ ಮೀಟಿ ತೆಗೆದು, ಡಬ್ಬಿಯನ್ನು ಉಸ್ಮಾನ್‌ಸಾಬನ ಮುಂದೆ ಹಿಡಿದ.